ಹಸಿದುಕೊಂಡಿರದೆ ತೂಕ ಇಳಿಸುವುದು: ಏನನ್ನು ಬದಲಿಸಬೇಕು, ಯಾವುದನ್ನು ಸುಮ್ನೆ ಬಿಡಬೇಕು

ತೂಕ ಇಳಿಸಬೇಕು ಅಂತ ಹೊರಟವರು ಮೊದಲ ದಿನವೇ ಎಲ್ಲವನ್ನೂ ಬದಲಿಸಿಬಿಡುತ್ತಾರೆ. ಸಕ್ಕರೆ ಬಂದ್, ಅನ್ನ ಬಂದ್, ರಾತ್ರಿ ಊಟ ಬಂದ್, ಬೆಳಗ್ಗೆ ಕತ್ತಲಲ್ಲೇ ಎದ್ದು ಓಟ. ಕೆಲವು ವಾರಗಳಲ್ಲಿ ಅಷ್ಟೂ ಒಟ್ಟಿಗೆ ಬಿದ್ದುಹೋಗುತ್ತದೆ, ಆಮೇಲೆ ನನಗೆ ಮನಸ್ಸು ಗಟ್ಟಿ ಇಲ್ಲ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಮನಸ್ಸಿನ ತಪ್ಪು ಅಲ್ಲ ಇದು. ಹಸಿವಿನ ಜೊತೆ ಜಗಳಕ್ಕೆ ನಿಂತವರು ಬಹಳ ದಿನ ಗೆಲ್ಲುವುದಿಲ್ಲ, ಅಷ್ಟೇ.

1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ಏನಾಗುತ್ತದೆ ಅಂತ ನೋಡಿದ್ದರು. ತೂಕವೇನೋ ಇಳಿಯಿತು. ಆದರೆ ಊಟದ ಯೋಚನೆ ಬಿಟ್ಟು ಬೇರೇನೂ ಅವರಿಗೆ ಹೊಳೆಯದಂತಾಯಿತು. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂತರು, ಮಾತುಮಾತಿಗೆ ಸಿಡುಕಿದರು, ಮಂಕಾದರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ಸಾಕು ಅನ್ನಿಸದವರೂ ಅವರಲ್ಲಿದ್ದರು. ಇವರೆಲ್ಲ ತಾವಾಗಿಯೇ ಮುಂದೆ ಬಂದವರು, ಗಟ್ಟಿ ಮನಸ್ಸಿನವರೇ.

ಹಾಗಾಗಿ ನನ್ನ ಸಲಹೆ ಇಷ್ಟು. ತಿನ್ನುವ ಪ್ರಮಾಣಕ್ಕೆ ಕೈ ಹಾಕುವ ಮೊದಲು ತಿನ್ನುವ ವಸ್ತುವನ್ನು ಬದಲಿಸಿ. ಹೊಟ್ಟೆಗೆ ಕಡಿಮೆಯಾಯಿತು ಅನ್ನಿಸಬಾರದು, ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಕಡಿಮೆಯಾಗಬೇಕು. ಒಂದು ಬದಲಾವಣೆ ಮಾಡಿದ ಮೇಲೆ ಹಸಿವು ಜಾಸ್ತಿಯಾದರೆ ಆ ಬದಲಾವಣೆ ನಿಮಗಲ್ಲ, ಬೇರೆಯದನ್ನು ನೋಡಿ.

ಶುರು ಮಾಡುವ ಮುನ್ನ ಸ್ವಲ್ಪ ಲೆಕ್ಕ

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ. ಸಕ್ಕರೆ, ಪಿಷ್ಟ, ಪ್ರೋಟೀನ್ ಇವುಗಳಲ್ಲಿ ಗ್ರಾಂಗೆ 4. ಮದ್ಯದಲ್ಲಿ 7. ನೀರಿನಲ್ಲಿ ಸೊನ್ನೆ, ನಾರಿನಲ್ಲಿ ತೀರಾ ಕಡಿಮೆ. ನೀರು ಮತ್ತು ನಾರು ಜಾಸ್ತಿ ಇರುವ ಆಹಾರ ಹೊಟ್ಟೆಯಲ್ಲಿ ಜಾಗ ಹಿಡಿಯುತ್ತದೆ, ಲೆಕ್ಕಕ್ಕೆ ಅಷ್ಟು ಬರುವುದಿಲ್ಲ. ಮುಂದೆ ಹೇಳುವ ಬದಲಾವಣೆಗಳಲ್ಲಿ ಹೆಚ್ಚಿನವು ಈ ಒಂದು ವಿಷಯದ ಮೇಲೆ ನಿಂತಿವೆ.

1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನ್ನಾ ಹೋಲ್ಟ್ ಮತ್ತು ಜೊತೆಗಾರರು 38 ಬಗೆಯ ಆಹಾರಗಳನ್ನು ಒಂದೇ ಕ್ಯಾಲೊರಿ ಲೆಕ್ಕದಲ್ಲಿ ಜನರಿಗೆ ಕೊಟ್ಟು, ಎರಡು ಗಂಟೆ ಕಾಲ ಅವರ ಹಸಿವನ್ನು ಅಳೆದರು. ಮೇಲಿನ ಸ್ಥಾನಕ್ಕೆ ಬಂದಿದ್ದು ಯಾವುದು ಗೊತ್ತಾ? ಬೇಯಿಸಿದ ಆಲೂಗಡ್ಡೆ! ಬಿಳಿ ಬ್ರೆಡ್‌ಗಿಂತ ಮೂರು ಪಟ್ಟು ಹೆಚ್ಚು ಹೊಟ್ಟೆ ತುಂಬಿಸಿತ್ತು ಅದು. ಬೆಣ್ಣೆ ತುಂಬಿದ ಕ್ರೋಸಾಂ ಅನ್ನುವ ಫ್ರೆಂಚ್ ಬನ್ನು ಕೊನೆಗೆ ನಿಂತಿತ್ತು. ತೂಕ ಇಳಿಸುವವರು ಮೊದಲು ಮನೆಯಿಂದ ಓಡಿಸುವುದೇ ಪಾಪ ಆಲೂಗಡ್ಡೆಯನ್ನು. ಎಣ್ಣೆಯಲ್ಲಿ ಕರಿದ ಚಿಪ್ಸ್ ಕಥೆ ಬೇರೆ, ಅಲ್ಲಿ ನೀರು ಹೋಗಿ ಆ ಜಾಗಕ್ಕೆ ಎಣ್ಣೆ ಬಂದಿರುತ್ತದೆ.

ಗುರಿಯನ್ನೂ ಈಗಲೇ ಇಟ್ಟುಕೊಳ್ಳಿ. ಈಗಿನ ತೂಕದ ಶೇಕಡಾ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ರಕ್ತದ ಸಕ್ಕರೆ ಎರಡರಲ್ಲೂ ವ್ಯತ್ಯಾಸ ಕಾಣಿಸಬಹುದು. 80 ಕೆಜಿ ಇರುವವರಿಗೆ ಅದು 4ರಿಂದ 8 ಕೆಜಿ. ವಾರಕ್ಕೆ ಅರ್ಧ ಕೆಜಿ ಇಳಿದರೆ ಚೆನ್ನಾಗಿಯೇ ನಡೆಯುತ್ತಿದೆ ಅಂತ ಅರ್ಥ. ಟೇಪು ಹಿಡಿದು ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಅದು ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು.

ಹೆಜ್ಜೆ 1: ಒಂದು ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ

ಈ ವಾರ ಎಂದಿನಂತೆಯೇ ತಿನ್ನಿ. ಆದರೆ ಬಾಯಿಗೆ ಹೋಗಿದ್ದನ್ನೆಲ್ಲ ಫೋನಿನಲ್ಲೋ ಚೀಟಿಯಲ್ಲೋ ಬರೆದಿಡಿ, ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಗು ತಟ್ಟೆಯಲ್ಲಿ ಬಿಟ್ಟಿದ್ದು, ಆಫೀಸಿನಲ್ಲಿ ಯಾರೋ ಕೊಟ್ಟ ಸಿಹಿ, ಎಲ್ಲವನ್ನೂ. ಗ್ರಾಂ ಲೆಕ್ಕ ಬೇಡ. ಏನು, ಎಷ್ಟು ಹೊತ್ತಿಗೆ, ಆಗ ನಿಜವಾಗಿ ಹಸಿವಿತ್ತಾ, ಇಷ್ಟು ಸಾಕು.

ವಾರದ ಕೊನೆಗೆ ಓದಿ ನೋಡಿದರೆ ಒಂದೋ ಎರಡೋ ಜಾಗ ಎದ್ದು ಕಾಣುತ್ತದೆ. ಕೆಲವರಿಗೆ ಸಂಜೆಯ ತಿಂಡಿ, ಕೆಲವರಿಗೆ ಕುಡಿಯುವ ಪಾನೀಯ, ಕೆಲವರಿಗೆ ರಾತ್ರಿ ಊಟವಾದ ಮೇಲೆ ಟಿವಿ ಮುಂದೆ ಕೂತಾಗ ಬರುವ ಪೊಟ್ಟಣ. ಅಲ್ಲಿಂದಲೇ ಶುರು ಮಾಡಿ. ಬೇರೆಯವರ ಡಯೆಟ್ ಚಾರ್ಟ್ ತಂದು ಗೋಡೆಗೆ ಅಂಟಿಸುವುದರಿಂದ ಏನೂ ಆಗುವುದಿಲ್ಲ, ಅದು ಅವರ ದಿನಚರಿಗೆ ಬರೆದಿದ್ದು.

ಹೆಜ್ಜೆ 2: ಕುಡಿಯುವುದನ್ನು ಬದಲಿಸಿ

ಎಲ್ಲಕ್ಕಿಂತ ಸುಲಭವಾಗಿ ಫಲ ಸಿಗುವುದು ಇಲ್ಲಿ, ಅದಕ್ಕೇ ಮೊದಲು ಇಟ್ಟಿದ್ದೇನೆ. 330 ಎಂಎಲ್ ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಒಂಬತ್ತು ಟೀ ಚಮಚ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಸೇರಿಸಿದ ಸಕ್ಕರೆ, ಜೇನು, ಜ್ಯೂಸಿನ ಸಕ್ಕರೆ ಎಲ್ಲ ಸೇರಿ 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯಿಂದ ಬರುತ್ತದೆ. ಒಂದೇ ಕ್ಯಾನು 25ನ್ನು ದಾಟಿಬಿಡುತ್ತದೆ. ಕುಡಿದ ಸಕ್ಕರೆಯಿಂದ ಹೊಟ್ಟೆಯೂ ತುಂಬುವುದಿಲ್ಲ. ಮುಂದಿನ ಊಟವನ್ನು ನಾವು ಎಷ್ಟು ಮಾಡುತ್ತಿದ್ದೆವೋ ಅಷ್ಟೇ ಮಾಡುತ್ತೇವೆ.

ಟೀ, ಕಾಫಿಯ ವಿಷಯ ಇನ್ನೂ ಮೋಸದ್ದು. ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ನಾಲ್ಕು ಲೋಟ ಅಂದರೆ 32 ಗ್ರಾಂ, ಸುಮಾರು 130 ಕ್ಯಾಲೊರಿ. ಒಂದೇ ದಿನ ಸಕ್ಕರೆ ಪೂರ್ತಿ ಬಿಟ್ಟರೆ ಕಷಾಯ ಕುಡಿದ ಹಾಗಾಗುತ್ತದೆ, ಎರಡು ದಿನಕ್ಕೆ ಮತ್ತೆ ಡಬ್ಬಿ ತೆಗೆಯುತ್ತೀರಿ. ಹಾಗಾಗಿ ವಾರಕ್ಕೆ ಕಾಲು ಚಮಚದಂತೆ ಇಳಿಸಿ. ನಾಲಿಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ, ಆಮೇಲೆ ಹಳೆಯ ಸಿಹಿ ಕೊಟ್ಟರೂ ಅತಿ ಅನ್ನಿಸುತ್ತದೆ.

ಹಣ್ಣಿನ ಜ್ಯೂಸ್ ಬದಲು ಹಣ್ಣು ತಿನ್ನಿ. ಒಂದು ಲೋಟ ಕಿತ್ತಳೆ ರಸಕ್ಕೆ ಎರಡು ಮೂರು ಹಣ್ಣು ಬೇಕು, ರಸ ಕುಡಿಯಲು ಒಂದು ನಿಮಿಷ ಸಾಕು. ಅದೇ ಹಣ್ಣುಗಳನ್ನು ಸುಲಿದು ತಿನ್ನಲು ಹತ್ತು ನಿಮಿಷ ಹಿಡಿಯುತ್ತದೆ, ಎರಡನೆಯದಕ್ಕೇ ಸಾಕು ಅನ್ನಿಸುತ್ತದೆ. ಊಟಕ್ಕೆ ಮುಂಚೆ ಇಡೀ ಸೇಬು ತಿಂದವರು ಒಟ್ಟಾರೆ ಶೇಕಡಾ 15ರಷ್ಟು ಕಡಿಮೆ ಕ್ಯಾಲೊರಿ ತಿಂದಿದ್ದನ್ನು, ಸೇಬಿನ ರಸ ಕುಡಿದವರಲ್ಲಿ ಅಂಥ ಪರಿಣಾಮ ಕಾಣದಿದ್ದುದನ್ನು ಅಮೆರಿಕದ ಸಂಶೋಧಕರು 2009ರಲ್ಲಿ ವರದಿ ಮಾಡಿದ್ದರು.

ಡಯೆಟ್ ಸೋಡಾ, ಕೃತಕ ಸಿಹಿ? ತೂಕ ಹಿಡಿತಕ್ಕೆ ಇವನ್ನು ನೆಚ್ಚಿಕೊಳ್ಳಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ನನ್ನ ಮಾತು ಕೇಳುವುದಾದರೆ, ದಿನಾ ಕೋಲಾ ಕುಡಿಯುವವರು ನೀರಿಗೆ ಬರುವ ದಾರಿಯಲ್ಲಿ ಕೆಲವು ವಾರ ಅಲ್ಲಿ ನಿಂತರೆ ಪರವಾಗಿಲ್ಲ. ಅಲ್ಲೇ ಮನೆ ಮಾಡಬೇಡಿ.

ಮದ್ಯ ಕುಡಿಯುವವರು ಅದರ ಕ್ಯಾಲೊರಿಯ ಜೊತೆ, ಪಕ್ಕದಲ್ಲಿಟ್ಟುಕೊಳ್ಳುವ ಕರಿದ ತಿಂಡಿಯನ್ನೂ ಲೆಕ್ಕಕ್ಕೆ ಸೇರಿಸಿ. ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ.

ಹೆಜ್ಜೆ 3: ಎಣ್ಣೆಯನ್ನು ಅಳೆದು ಹಾಕಿ

ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವವರಿಗೆ ಒಂದು ಚಮಚ ಬಿತ್ತೋ ಮೂರು ಬಿತ್ತೋ ಗೊತ್ತಾಗುವುದೇ ಇಲ್ಲ. ಎಣ್ಣೆ ಕಡಿಮೆ ಮಾಡಿ ಅಂತ ನಾನು ಹೇಳುತ್ತಿಲ್ಲ, ಮೊದಲ ವಾರ ಬರೀ ಅಳೆಯಿರಿ. ಚಮಚ ಹಿಡಿದ ಮೇಲೆ ಎಣ್ಣೆ ತಾನಾಗಿಯೇ ಕಡಿಮೆಯಾಗುತ್ತದೆ, ಊಟಕ್ಕೆ ಕೂತವರಿಗೆ ಗೊತ್ತೂ ಆಗುವುದಿಲ್ಲ.

ಆಮೇಲೆ ಅಡುಗೆಯ ಬಗೆ ಬದಲಿಸಿ. ಕರಿಯುವ ಬದಲು ಓವನ್ ಅಥವಾ ಏರ್ ಫ್ರೈಯರ್, ಹುರಿಯುವ ಬದಲು ಹಬೆ. ತಳ ಹಿಡಿಯುತ್ತಿದ್ದರೆ ಇನ್ನೊಂದು ಚಮಚ ಎಣ್ಣೆ ಬಿಡುವ ಬದಲು ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಪೂರ್ತಿ ಎಣ್ಣೆ ಬಿಡುವ ಹುಚ್ಚು ಮಾತ್ರ ಬೇಡ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲು ಕೊಬ್ಬು ಬೇಕು, ಎಣ್ಣೆಯೇ ಇಲ್ಲದ ತರಕಾರಿಯನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.

ಹೆಜ್ಜೆ 4: ತಟ್ಟೆಯ ಲೆಕ್ಕ ತಿರುಗಿಸಿ

ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಅನ್ನ ಅಥವಾ ಬ್ರೆಡ್ಡು ಅಥವಾ ಬೇರೆ ಧಾನ್ಯ, ಇನ್ನು ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನು, ಕೋಳಿ ಇಂಥ ಪ್ರೋಟೀನ್. ನೂರು ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಬೀನ್ಸ್, ಎಲೆಕೋಸು, ಹೂಕೋಸಿನಂಥ ತರಕಾರಿಯಲ್ಲಿ 25ರಿಂದ 40. ತಟ್ಟೆ ತುಂಬಿಯೇ ಇರುತ್ತದೆ, ಲೆಕ್ಕ ಮಾತ್ರ ಇಳಿಯುತ್ತದೆ. ಅನ್ನವನ್ನು ಪೂರ್ತಿ ಬಿಡಬೇಕಾಗಿಲ್ಲ. ಅನ್ನ ಬಿಟ್ಟು ಸೊರಗಿದ ಮುಖ ಮಾಡಿಕೊಂಡವರು, ಯಾವುದೋ ಒಂದು ರಾತ್ರಿ ಪಾತ್ರೆ ಸಮೇತ ಕೂತು ತಿನ್ನುವುದನ್ನು ಎಲ್ಲರೂ ನೋಡಿಯೇ ಇರುತ್ತೇವೆ.

ಬಡಿಸಿಕೊಳ್ಳುವಾಗ ತರಕಾರಿ ಮೊದಲು ಬರಲಿ, ತಿನ್ನುವಾಗಲೂ ಅದೇ ಮೊದಲು. ಅನ್ನಕ್ಕೆ ಬರುವಷ್ಟರಲ್ಲಿ ಹಸಿವಿನ ಕಾವು ಇಳಿದಿರುತ್ತದೆ.

ಬಿಳಿ ಅಕ್ಕಿಯಿಂದ ಕೆಂಪಕ್ಕಿಗೆ, ಮೈದಾ ಬ್ರೆಡ್ಡಿನಿಂದ ಇಡೀ ಗೋಧಿಯ ಬ್ರೆಡ್ಡಿಗೆ ಹೋದರೆ ಕ್ಯಾಲೊರಿ ಅಷ್ಟೇನೂ ಕಡಿಮೆಯಾಗುವುದಿಲ್ಲ, ತಿಳಿದಿರಲಿ. ಲಾಭ ನಾರಿನಲ್ಲಿದೆ. ದಿನಕ್ಕೆ 25 ಗ್ರಾಂ ನಾರು ದೊಡ್ಡವರಿಗೆ ಬೇಕು. ಇದನ್ನು ನಿಧಾನವಾಗಿ ಏರಿಸಿ, ನೀರು ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆಯಲ್ಲಿ ಗ್ಯಾಸ್ ಗಲಾಟೆ ಶುರುವಾಗಿ ಒಳ್ಳೆಯ ಅಭ್ಯಾಸಕ್ಕೆ ಕೆಟ್ಟ ಹೆಸರು ಬರುತ್ತದೆ.

ಹೆಜ್ಜೆ 5: ಬೆಳಗಿನಿಂದಲೇ ಪ್ರೋಟೀನ್

ಪ್ರೋಟೀನಿಗೆ ಮೂರು ಗುಣ. ಹೊಟ್ಟೆಯನ್ನು ಜಾಸ್ತಿ ಹೊತ್ತು ತಡೆದಿಡುತ್ತದೆ. ಅದನ್ನು ಅರಗಿಸಲೇ ಅದರ ಕ್ಯಾಲೊರಿಯಲ್ಲಿ ಶೇಕಡಾ 20ರಿಂದ 30 ಖರ್ಚಾಗುತ್ತದೆ, ಪಿಷ್ಟಕ್ಕೆ ಇದು 5ರಿಂದ 10 ಅಷ್ಟೇ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುವುದನ್ನು ಸ್ವಲ್ಪ ತಡೆಯುತ್ತದೆ. ಮಾಮೂಲಿ ದಿನಗಳಲ್ಲಿ ಕೆಜಿ ತೂಕಕ್ಕೆ 0.8 ಗ್ರಾಂ ಸಾಕು ಅನ್ನುತ್ತಾರೆ, ತೂಕ ಇಳಿಸುವಾಗ 1.2 ಗ್ರಾಂವರೆಗೆ ಹೋಗಬಹುದು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಏರಿಸಬೇಡಿ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಬೇಯಿಸಿದ ಬೇಳೆಯಲ್ಲಿ 9ರ ಆಸುಪಾಸು, ಅಷ್ಟೇ ತೂಕದ ಬೆಂದ ಕೋಳಿ ಎದೆಭಾಗದಲ್ಲಿ 30ರ ಸುತ್ತಮುತ್ತ. ಬೆಳಗ್ಗೆ ಬರೀ ಬ್ರೆಡ್ಡು ಜಾಮು ತಿಂದು ಹತ್ತೂವರೆಗೆ ಹಸಿವು ಅನ್ನುವವರು, ಜಾಮಿನ ಜಾಗಕ್ಕೆ ಮೊಟ್ಟೆಯನ್ನೋ ಗಟ್ಟಿ ಮೊಸರನ್ನೋ ಬೇಯಿಸಿದ ಕಾಳನ್ನೋ ತಂದು ಒಂದು ವಾರ ನೋಡಿ.

ಹೆಜ್ಜೆ 6: ಸಂಜೆಯ ತಿಂಡಿ

ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ. ನೂರು ಗ್ರಾಂ ಆಲೂ ಚಿಪ್ಸ್ ಅಂದರೆ 500ಕ್ಕೂ ಹೆಚ್ಚು ಕ್ಯಾಲೊರಿ, ಟಿವಿ ನೋಡುತ್ತಾ ಅಷ್ಟನ್ನು ಮುಗಿಸುವುದು ಕಷ್ಟವೇನಲ್ಲ. ಎಣ್ಣೆ ಇಲ್ಲದೆ ಅರಳಿಸಿದ ಪಾಪ್‌ಕಾರ್ನ್ ಮೂರು ಕಪ್ ತಿಂದರೂ ನೂರರ ಒಳಗೆ. ಹಣ್ಣು, ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಕಾಳು ಇವೂ ಒಳ್ಳೆಯ ಬದಲಿ. ಬಾದಾಮಿ, ಕಡಲೆಕಾಯಿ ಒಳ್ಳೆಯವೇ, ಆದರೆ 30 ಗ್ರಾಂ ಅಂದರೆ ಒಂದು ಸಣ್ಣ ಹಿಡಿ, ಅದರಲ್ಲೇ 170 ಕ್ಯಾಲೊರಿ. ಸಿಪ್ಪೆ ಇರುವ ಕಡಲೆಕಾಯಿ ತನ್ನಿ. ಸುಲಿಯುವ ಕೆಲಸ ಇದ್ದರೆ ಕೈ ನಿಧಾನವಾಗುತ್ತದೆ.

ಏನನ್ನೇ ತಿಂದರೂ ಪೊಟ್ಟಣದಿಂದ ನೇರವಾಗಿ ಬೇಡ. ಬಟ್ಟಲಿಗೆ ಹಾಕಿಕೊಂಡು, ಪೊಟ್ಟಣ ಕಟ್ಟಿ ಒಳಗಿಟ್ಟು ಬನ್ನಿ.

ಫ್ಯಾಕ್ಟರಿಯಲ್ಲಿ ತಯಾರಾದ ಪ್ಯಾಕೆಟ್ ತಿಂಡಿಗಳ ಬಗ್ಗೆ ಒಂದು ಪ್ರಯೋಗ ಹೇಳಲೇಬೇಕು. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ್ದು ಇದು. 20 ಜನರನ್ನು ಸಂಶೋಧನಾ ಕೇಂದ್ರದಲ್ಲೇ ಉಳಿಸಿಕೊಂಡು, ಎರಡು ವಾರ ಅತಿ ಸಂಸ್ಕರಿಸಿದ ಆಹಾರ, ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರ ಕೊಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು ಎರಡೂ ಕಡೆ ಸಮ ಇರುವಂತೆ ನೋಡಿಕೊಂಡು, ಬೇಕಾದಷ್ಟು ತಿನ್ನಿ ಅಂದರು. ಸಂಸ್ಕರಿಸಿದ್ದು ಸಿಕ್ಕ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕ ಸುಮಾರು 0.9 ಕೆಜಿ ಏರಿತು. ಅವರು ತಿನ್ನುವ ವೇಗವೂ ಜಾಸ್ತಿ ಇತ್ತು.

ಬದಲಾವಣೆ ಅನ್ನಿಸಿಕೊಂಡು ಏನನ್ನೂ ಬದಲಿಸದವು

ಇವುಗಳ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ದುಡ್ಡು ಜಾಸ್ತಿ ತೆತ್ತು, ಒಳ್ಳೆಯದು ಮಾಡುತ್ತಿದ್ದೇನೆ ಅನ್ನುವ ನೆಮ್ಮದಿಯಲ್ಲಿ ಜನ ಮೊದಲಿಗಿಂತ ಜಾಸ್ತಿ ತಿನ್ನುತ್ತಾರೆ.

ಸಕ್ಕರೆ ಬದಲು ಜೇನು: ಒಂದು ಟೀ ಚಮಚ ಸಕ್ಕರೆಯಲ್ಲಿ 16 ಕ್ಯಾಲೊರಿ, ಜೇನಿನಲ್ಲಿ 21ರ ಹತ್ತಿರ. ಕಂದು ಸಕ್ಕರೆಯೂ ಸಕ್ಕರೆಯೇ. ರುಚಿಗೆ ಬೇಕಿದ್ದರೆ ಹಾಕಿಕೊಳ್ಳಿ, ತೂಕಕ್ಕೆ ಅಂತ ಬೇಡ.

ಬೇರೆ ಎಣ್ಣೆ: ಆಲಿವ್, ಸೂರ್ಯಕಾಂತಿ, ತೆಂಗು, ಯಾವುದೇ ಆಗಲಿ ಚಮಚಕ್ಕೆ ಅದೇ 120. ಹೃದಯದ ದೃಷ್ಟಿಯಿಂದ ವ್ಯತ್ಯಾಸ ಇದೆ, ಕ್ಯಾಲೊರಿಯಲ್ಲಿ ಇಲ್ಲ.

ಗ್ರಾನೋಲಾ (ಸಿಹಿ ಸೇರಿಸಿ ಹುರಿದ ಓಟ್ಸ್), ಎನರ್ಜಿ ಬಾರ್: ಹೆಚ್ಚಿನವು ಸಿಹಿ ತಿಂಡಿಗಳೇ. ಒಣದ್ರಾಕ್ಷಿಯೂ ಎಚ್ಚರ, ನೂರು ಗ್ರಾಂ ಹಸಿ ದ್ರಾಕ್ಷಿಯಲ್ಲಿ 70ರಷ್ಟು ಕ್ಯಾಲೊರಿ ಇದ್ದರೆ ಒಣಗಿದ್ದರಲ್ಲಿ 300.

ಶುಗರ್ ಫ್ರೀ ಬಿಸ್ಕೆಟ್: ಸಕ್ಕರೆ ಇಲ್ಲ, ಮೈದಾ ಮತ್ತು ಕೊಬ್ಬು ಇದ್ದೇ ಇದೆ.

ಕೊಬ್ಬು ತೆಗೆದ, ಹಣ್ಣಿನ ರುಚಿಯ ಮೊಸರು: ಕೊಬ್ಬು ಹೋದ ಜಾಗಕ್ಕೆ ಎಷ್ಟೋ ಸಲ ಸಕ್ಕರೆ ಬಂದಿರುತ್ತದೆ. ಸಾದಾ ಮೊಸರಿಗೆ ನೀವೇ ಹಣ್ಣು ಹೆಚ್ಚಿ ಹಾಕಿ.

ನಿಂಬೆ ಬಿಸಿನೀರು, ಡಿಟಾಕ್ಸ್ ಟೀ: ಕೊಬ್ಬನ್ನು ಯಾವ ನೀರೂ ಕರಗಿಸುವುದಿಲ್ಲ. ಸಕ್ಕರೆ ಪಾನೀಯದ ಬದಲು ನಿಂಬೆನೀರು ಕುಡಿದರೆ ಆ ಸಕ್ಕರೆ ಹೊಟ್ಟೆಗೆ ಹೋಗುವುದು ತಪ್ಪುತ್ತದೆ, ಲಾಭ ಅಷ್ಟೇ.

ಕಂದು ಬ್ರೆಡ್ಡು ಕೊಳ್ಳುವಾಗ ಬಣ್ಣ ನಂಬಬೇಡಿ, ಪೊಟ್ಟಣದ ಹಿಂಭಾಗ ಓದಿ. ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ, ಮೊದಲು ಬರೆದಿದ್ದೇ ಜಾಸ್ತಿ ಇರುವುದು. ಇಡೀ ಗೋಧಿ ಮೊದಲು ಇಲ್ಲದಿದ್ದರೆ ಆ ಕಂದು ಬರೀ ಬಣ್ಣ ಇರಬಹುದು. ಸಂಖ್ಯೆಗಳನ್ನು ಹೋಲಿಸುವಾಗ ನೂರು ಗ್ರಾಂ ಲೆಕ್ಕದ ಕಾಲಂ ನೋಡಿ. ಒಂದು ಸರ್ವಿಂಗ್ ಅಂತ ಎರಡು ಬಿಸ್ಕೆಟ್ಟಿನ ಲೆಕ್ಕ ಕೊಟ್ಟಿರುತ್ತಾರೆ, ಎರಡಕ್ಕೆ ನಿಲ್ಲಿಸುವವರು ಯಾರು! ಬ್ರಿಟನ್ನಿನ ಲೇಬಲ್ ಪದ್ಧತಿಯಲ್ಲಿ ನೂರು ಗ್ರಾಂಗೆ 5 ಗ್ರಾಂ ಸಕ್ಕರೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ, 22.5 ದಾಟಿದರೆ ಜಾಸ್ತಿ ಅಂತ ಎಣಿಸುತ್ತಾರೆ. ಎಲ್ಲಿದ್ದರೂ ಈ ಎರಡು ಅಂಕಿ ಉಪಯೋಗಕ್ಕೆ ಬರುತ್ತವೆ.

ಹೆಜ್ಜೆ 7: ತಟ್ಟೆಯ ಆಚೆಗಿನ ಅಭ್ಯಾಸಗಳು

ನಿಧಾನ ತಿನ್ನಿ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಏಳು ನಿಮಿಷದಲ್ಲಿ ಊಟ ಮುಗಿಸಿದರೆ ಸುದ್ದಿ ಬರುವ ಮೊದಲೇ ಎರಡನೇ ಸಲ ಬಡಿಸಿಕೊಂಡಿರುತ್ತೀರಿ. ಫೋನು ದೂರ ಇಡಿ. ಎರಡನೇ ಸಲ ಬೇಕು ಅನ್ನಿಸಿದರೆ ಹತ್ತು ನಿಮಿಷ ಕಾಯಿರಿ, ಆಗಲೂ ಬೇಕು ಅನ್ನಿಸಿದರೆ ಧಾರಾಳವಾಗಿ ಹಾಕಿಕೊಳ್ಳಿ.

ಕಣ್ಣಿಗೆ ಬೀಳುವುದನ್ನು ಬದಲಿಸಿ. ಹಣ್ಣು ಮೇಜಿನ ಮೇಲೆ ಇರಲಿ, ಬಿಸ್ಕೆಟ್ ಡಬ್ಬಿ ಸ್ಟೂಲು ಹತ್ತಿ ತೆಗೆಯುವಷ್ಟು ಮೇಲೆ ಹೋಗಲಿ. ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ. ಮನೆಗೆ ಬರದ ಪೊಟ್ಟಣವನ್ನು ರಾತ್ರಿ ಹನ್ನೊಂದಕ್ಕೆ ಯಾರೂ ತೆರೆಯಲಾಗುವುದಿಲ್ಲ.

ನಿದ್ದೆಯನ್ನು ತೂಕದ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ, ನನಗೆ ಅದೇ ಬೇಸರ. 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕಡಿಮೆ ನಿದ್ದೆ ಮಾಡುತ್ತಿದ್ದ 80 ಜನರಲ್ಲಿ ಅರ್ಧ ಜನಕ್ಕೆ ನಿದ್ದೆಯ ಸಮಯ ಹೆಚ್ಚಿಸಲು ಸಲಹೆ ಕೊಟ್ಟರು. ಅವರ ನಿದ್ದೆ ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಹೆಚ್ಚಿತು, ಊಟದ ಬಗ್ಗೆ ಒಂದು ಮಾತೂ ಹೇಳದೆ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆಯಾಯಿತು. ಏಳು ಗಂಟೆ ನಿದ್ದೆ ಬೇಕೇ ಬೇಕು. ನಿದ್ದೆಗೆಟ್ಟ ಮರುದಿನ ಸಿಹಿ, ಕರಿದದ್ದು ಜಾಸ್ತಿ ಬೇಕು ಅನ್ನಿಸುವುದು ನಿಮ್ಮ ಕಲ್ಪನೆ ಅಲ್ಲ.

ನಡೆಯಿರಿ. ಆದರೆ ನಡಿಗೆಗೆ ಬಹುಮಾನ ಅಂತ ತಿನ್ನಬೇಡಿ. 70 ಕೆಜಿಯವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 150ರ ಆಸುಪಾಸು, ಆ ಕೋಲಾ ಕ್ಯಾನಿನಷ್ಟೇ. ಇಳಿದ ತೂಕ ಮತ್ತೆ ಏರದಂತೆ ಹಿಡಿಯಲು ವ್ಯಾಯಾಮ ಬಹಳ ಮುಖ್ಯ. ವಾರಕ್ಕೆ ಕನಿಷ್ಠ 150 ನಿಮಿಷ, ಜೊತೆಗೆ ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡುವ ಕಸರತ್ತು. ಹೊಟ್ಟೆಯ ಕೊಬ್ಬನ್ನು ಮಾತ್ರ ಕರಗಿಸುವ ಕಸರತ್ತು ಅನ್ನುವುದು ಇಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುವ ಅಂಕಿ 1960ರ ದಶಕದಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಮಾರಾಟದಿಂದ ಬಂದಿದ್ದು, ಅದು ಆಗಲಿಲ್ಲ ಅಂತ ಕೊರಗಬೇಡಿ.

ಒಂದೊಂದೇ ಅಭ್ಯಾಸ ಹಿಡಿಯಿರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ನೋಡಿದಾಗ ಒಂದು ಹೊಸ ಅಭ್ಯಾಸ ತಾನಾಗಿಯೇ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಗಿತ್ತು. ಕೆಲವರಿಗೆ 18, ಕೆಲವರಿಗೆ 254! ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟ ಆಗಿರಲಿಲ್ಲ.

ತೂಕದ ಯಂತ್ರ ನಿಂತಲ್ಲೇ ನಿಂತಾಗ

ಮೊದಲ ವಾರ ಎರಡು ಕೆಜಿ ಇಳಿದರೆ ಹಿಗ್ಗಬೇಡಿ, ಅದರಲ್ಲಿ ನೀರೇ ಜಾಸ್ತಿ. ಗ್ಲೈಕೋಜನ್, ಅಂದರೆ ಮೈಯಲ್ಲಿ ಕೂಡಿಟ್ಟ ಪಿಷ್ಟದಂಥ ಶಕ್ತಿ, ಪ್ರತಿ ಗ್ರಾಂಗೆ ಮೂರು ಗ್ರಾಂನಷ್ಟು ನೀರು ಹಿಡಿದಿರುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಹಾಗೆಯೇ ಉಪ್ಪು ಜಾಸ್ತಿ ತಿಂದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದೆರಡು ಕೆಜಿ ಏರಿದರೆ ಕಂಗಾಲಾಗಬೇಡಿ. ಬೆಳಗ್ಗೆ, ಒಂದೇ ಹೊತ್ತಿಗೆ, ಒಂದೇ ಥರದ ಬಟ್ಟೆಯಲ್ಲಿ ವಾರಕ್ಕೊಮ್ಮೆಯಾದರೂ ನೋಡಿ, ತಿಂಗಳ ದಿಕ್ಕು ಯಾವ ಕಡೆಗಿದೆ ಅನ್ನುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಯಂತ್ರ ನೋಡಿ ಇಡೀ ದಿನ ಹಾಳಾಗುತ್ತದೆ ಅನ್ನುವವರು ಟೇಪು ಸಾಕು.

ನಾಲ್ಕೈದು ವಾರ ಏನೂ ಇಳಿಯದಿದ್ದರೆ ಮೊದಲ ಹೆಜ್ಜೆಗೆ ಮರಳಿ, ಮತ್ತೆ ಒಂದು ವಾರ ಬರೆಯಿರಿ. ಸಾಮಾನ್ಯವಾಗಿ ಎಣ್ಣೆಯ ಚಮಚ ಡ್ರಾಯರ್ ಸೇರಿರುತ್ತದೆ, ಹಿಡಿ ಬಾದಾಮಿ ಎರಡು ಹಿಡಿ ಆಗಿರುತ್ತದೆ. ಇನ್ನೊಂದು ಕಾರಣವೂ ಇದೆ. ಹಗುರಾದ ಮೈಗೆ ಮೊದಲಿಗಿಂತ ಕಡಿಮೆ ಶಕ್ತಿ ಸಾಕು, ಹಾಗಾಗಿ ಇಳಿಯುವ ವೇಗ ತಗ್ಗುವುದು ಸಹಜ. ಆಗ ಊಟ ಬಿಡುವ ಬದಲು ಇನ್ನೊಂದು ಸಣ್ಣ ಬದಲಾವಣೆ ಸೇರಿಸಿ.

ಯಾರು ಮೊದಲು ಡಾಕ್ಟರನ್ನು ಕಾಣಬೇಕು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸಿದರೆ ರಕ್ತದ ಸಕ್ಕರೆ ತೀರಾ ಕೆಳಗಿಳಿಯಬಹುದು, ಡೋಸ್ ಬದಲಿಸಬೇಕಾಗಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಹಿಂದೆ ಊಟದ ಬಗ್ಗೆ ಮಾನಸಿಕ ತೊಂದರೆ ಅನುಭವಿಸಿದವರು ತಾವೇ ತೂಕ ಇಳಿಸಲು ಹೊರಡಬಾರದು. ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ತೂಕ ಏರಿಸುತ್ತವೆ. ಥೈರಾಯ್ಡ್ ತೊಂದರೆಯೂ ಕಾರಣ ಇರಬಹುದು, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಏನೂ ಪ್ರಯತ್ನ ಮಾಡದೆಯೇ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ಶೇಕಡಾ 5ಕ್ಕಿಂತ ಜಾಸ್ತಿ ಇಳಿದಿದ್ದರೆ ಖುಷಿಪಡದೆ ತೋರಿಸಿಕೊಳ್ಳಿ. ಔಷಧಿಯಿಂದ ತೂಕ ಏರುತ್ತಿದೆ ಅನ್ನುವ ಅನುಮಾನ ಬಂದರೂ ಅದನ್ನು ನೀವೇ ನಿಲ್ಲಿಸಬೇಡಿ, ಬದಲಿ ಔಷಧಿ ಇದೆಯಾ ಅಂತ ಬರೆದುಕೊಟ್ಟವರನ್ನೇ ಕೇಳಿ.